ಮಾಮಾ ಪರೀಕ್ಷೆಗೆ ಕೂತದ್ದು

ಸಂಗೀತ ಪರೀಕ್ಷೆಯ ಮಟ್ಟಿಗೆ ನನ್ನ ಮಾಮಾನಷ್ಟು ದಡ್ಡ ವಿದ್ಯಾರ್ಥಿ ಇಡೀ ಪುಣೆಯಲ್ಲಿ ಇನ್ನೊಬ್ಬರಿಲ್ಲ. ಅವರಿಗೆ ಐವತ್ತೆಂಟು, ಜೊತೆಗೆ ಕೂತವರಲ್ಲಿ ಅರ್ಧ ಜನರಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ!

ಮಾಮಾ ನಮ್ಮವ್ವನ ತಮ್ಮ. ತಳೇಗಾಂವದ ಕಾರ್ಖಾನೆಯಲ್ಲಿ ಮಾಲು ಹೊರುತ್ತಾರೆ. ಉಳಿದ ಹೊತ್ತು ಹಾಡುವವರ ಪಕ್ಕ ಕೂತು ಹಾರ್ಮೋನಿಯಂ ಸಾಥ್ ಕೊಡುತ್ತಾರೆ. ಎಲ್ಲಿ ಹಾಡು ಕೇಳಿದರೂ ಅವರ ಬೆರಳು ಹಿಂದೆ ಹೋಗಲೇಬೇಕು. ಒಮ್ಮೆ ಜೇಜುರಿಯ ಗುಡಿಯಲ್ಲಿ ನಮ್ಮ ಕಡೆಯ ಭಕ್ತನೊಬ್ಬ ಹಾಡುತ್ತಿದ್ದ. ಇವರು ಅವನ ಮುಂದಿನ ಹಾರ್ಮೋನಿಯಂ ಎಳೆದುಕೊಂಡು ಕೂತೇಬಿಟ್ಟರು.

"ಮಾಮಾ, ಏಳ್ರಿ, ಬಸ್ ಹೊಂಟದ."

"ಹಾಡಾಂವ ನಿಂದ್ರಲಿ, ಏಳ್ತೀನಿ."

ಅಂಥ ಸಾಥ್ ಸಿಕ್ಕ ಮೇಲೆ ಹಾಡುವವನು ಯಾಕೆ ನಿಲ್ಲುತ್ತಾನೆ? ಮೂರು ಬಸ್ಸು ತಪ್ಪಿದವು.

ಈಚೆಗೆ ವಿಮಾನ ನಗರದ ಶಾಲೆಯೊಂದು ಸಂಗೀತದ ಮೇಷ್ಟ್ರ ಕೆಲಸಕ್ಕೆ ಅವರನ್ನು ಕರೆಯಿತು. ಮಕ್ಕಳ ಹಾಡಿಗೆ ನುಡಿಸಿದ್ದು ಕೇಳಿ ತಲೆದೂಗಿದರು, ಆಮೇಲೆ ಸರ್ಟಿಫಿಕೇಟು ಕೇಳಿದರು. ಮಾಮಾನ ಗುರುಗಳು ಕಲಿಸಿದ್ದರೇ ಹೊರತು ಏನನ್ನೂ ಬರೆದು ಕೊಟ್ಟಿರಲಿಲ್ಲ. ಭಾರ ಹೊತ್ತು ಸವೆದ ಮೊಣಕಾಲಿಗೆ ಆ ಕೆಲಸ ಬೇಕೇ ಬೇಕಿತ್ತು. ಅದಕ್ಕೇ ಈ ಪರೀಕ್ಷೆ.

ಪರೀಕ್ಷಕಿ "ನುಡಿಸಿ" ಎಂದರು. ಮಾಮಾ ಕೈಗಳನ್ನು ಹಾರ್ಮೋನಿಯಂ ಮೇಲಿಟ್ಟು ಕಾಯುತ್ತ ಕೂತರು. ಆಕೆ ಮತ್ತೆ ಹೇಳಿದಾಗ ತಮ್ಮ ಹರುಕು ಮರಾಠಿಯಲ್ಲಿ ವಿನಯದಿಂದ ಕೇಳಿದರು: "ಯಾರು ಹಾಡುತ್ತಾರೆ?"

ನಲವತ್ತು ವರ್ಷ ಇನ್ನೊಬ್ಬರ ಹಿಂದೆ ನಡೆದವರಿಗೆ ತಾವೇ ಮೊದಲು ಹೊರಡುವುದು ಆಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ನಾನು ತಡೆಯಲಾರದೆ ಹಾಡಿಬಿಟ್ಟೆ. ನನ್ನ ಹಾಡಿನ ಬಗ್ಗೆ ನನಗೆ ಭಯವಿರಲಿಲ್ಲ; ಚಿಕ್ಕಂದಿನಿಂದ ಮಾಮಾನ ಸಾಥಿನಲ್ಲಿ ಹಾಡಿ ಊರೆಲ್ಲ ಶಹಬ್ಬಾಸ್ ಅನ್ನಿಸಿಕೊಂಡವಳು. ಅವರ ಬೆರಳು ಕೂಡಲೇ ಓಡಿದವು.

ಹಾಡು ಮುಗಿದಾಗ ಪರೀಕ್ಷಕಿ ನನ್ನನ್ನೇ ನೋಡಿದರು. "ನೀನು ಮೂರು ಸಲ ಶ್ರುತಿ ಬಿಟ್ಟೆ. ಮೂರು ಸಲವೂ ಇವರು ತಮ್ಮ ಶ್ರುತಿಯನ್ನೇ ಸರಿಸಿಕೊಂಡು ನಿನ್ನ ಜೊತೆ ಬಂದರು. ನಿನಗೆ ಗೊತ್ತೇ ಆಗಲಿಲ್ಲವೇ?" ಆಮೇಲೆ ಎದ್ದು ಮಾಮಾನಿಗೆ ಕೈ ಮುಗಿದರು. ಒಬ್ಬರೇ ನುಡಿಸದಿದ್ದರೆ ಪಾಸು ಮಾಡಲು ನಿಯಮದಲ್ಲಿ ಅವಕಾಶವಿಲ್ಲ ಎಂದೂ ಹೇಳಿದರು.

ಹೊರಗೆ ಬಂದಾಗ ನನಗೆ ಅಳು ತಡೆಯಲಾಗಲಿಲ್ಲ. ಅವರ ಕೆಲಸ ಕೈತಪ್ಪಿತ್ತು, ನಾನು ಅಳುತ್ತಿದ್ದದ್ದು ನನ್ನ ಹಾಡಿಗಾಗಿ. ಅದಕ್ಕೆ ಇನ್ನಷ್ಟು ನಾಚಿಕೆಯಾಯಿತು.

"ಮಾಮಾ, ನಾ ಸಣ್ಣಾಕಿ ಇದ್ದಾಗಿಂದ ಹಿಂಗ ಹಾಡ್ತೀನೇನ್ರಿ?"

ಮಾಮಾ ಒಂದೊಂದೇ ಮೆಟ್ಟಿಲು ಇಳಿಯುತ್ತ ಮೊಣಕಾಲು ನೀವಿಕೊಂಡರು.

"ಆಕೀಗೇನ್ ತಿಳಿತದ? ನೀ ಭಾಳ ಛಲೋ ಹಾಡ್ತಿ."