ಸಾರಿನ ಬಾಲ್ದಿ ಮತ್ತು ನನ್ನ ಎಡ ಮೊಣಕೈ

ಮೊಣಕೈಗೆ ಯಾರೂ ಮರ್ಯಾದೆ ಕೊಡುವುದಿಲ್ಲ. ಮುಖಕ್ಕೆ ಕ್ರೀಮು, ಮೊಣಕಾಲಿಗೆ ಎಣ್ಣೆ. ಮೊಣಕೈ ಮಾತ್ರ ಮುರಿಯುವ ತನಕ ನೆನಪಾಗುವುದೇ ಇಲ್ಲ. ನನ್ನದು ನೆನಪಾದದ್ದು ಕಾರ್ಕಳದಿಂದ ಉಡುಪಿಗೆ ಬರುವ ಬಸ್ಸಿನಲ್ಲಿ. ಡ್ರೈವರ್ ಬ್ರೇಕ್ ಒತ್ತಿದ ರಭಸಕ್ಕೆ ನಾನು ಹೋಗಿ ಎದುರಿನ ಕಬ್ಬಿಣದ ಕಂಬಕ್ಕೆ ಎಡ ಮೊಣಕೈಯನ್ನು ಒಪ್ಪಿಸಿದೆ. ಮೂಳೆ ಬಿರುಕುಬಿಟ್ಟಿತು. ಆರು ವಾರ ಪ್ಲಾಸ್ಟರು, ಆಮೇಲೆ ಕೊರಳಿಗೆ ಕೈ ನೇತುಹಾಕುವ ಪಟ್ಟಿ.

ಪರಿಹಾರಕ್ಕೆ ಅರ್ಜಿ ಹಾಕದವನು ದಡ್ಡ ಎಂದು ಬನ್ನಂಜೆಯ ನಮ್ಮ ಓಣಿ ಒಮ್ಮತದಿಂದ ತೀರ್ಮಾನಿಸಿತು. ದಡ್ಡನಾಗಲು ಮನಸ್ಸಿಲ್ಲದೆ ಹೆಂಡತಿಯೊಂದಿಗೆ ವಕೀಲರಲ್ಲಿಗೆ ಹೋದೆ. "ನಿಮಗೆ ನಷ್ಟ ಎಂತ ಆಗಿದೆ, ಹೇಳಿ" ಎಂದರು. ಯೋಚಿಸಿದೆ. ಕಾಲೇಜಿನ ಗುಮಾಸ್ತ ನಾನು, ಸಂಬಳ ತಪ್ಪಿರಲಿಲ್ಲ. ತೆಂಗಿನಕಾಯಿ ತುರಿಯುವುದು ತಪ್ಪಿತ್ತು, ಅದನ್ನು ನಷ್ಟವೆನ್ನೋಣವೆಂದರೆ ಹೆಂಡತಿ ಪಕ್ಕದಲ್ಲೇ ಕುಳಿತಿದ್ದಳು. ನಿಜವಾದ ನಷ್ಟ ಹೇಳಲು ನಾಚಿಕೆಯಾಯಿತು. ನನ್ನ ಹುಟ್ಟೂರು ಇನ್ನಂಜೆಯ ದೇವಸ್ಥಾನದ ವರ್ಷದ ಊಟಕ್ಕೆ ಇಪ್ಪತ್ತು ವರ್ಷಗಳಿಂದ ಸಾರು ಬಡಿಸುವವನು ನಾನು. ಎಡಗೈಯಲ್ಲಿ ತುಂಬಿದ ಬಾಲ್ದಿ, ಬಲಗೈಯಲ್ಲಿ ಸೌಟು. ಈ ಸಲ ಆ ಬಾಲ್ದಿ ಹೆಂಡತಿಯ ತಮ್ಮ ಸದಾನಂದನ ಪಾಲಾಗುವುದರಲ್ಲಿತ್ತು. ಅದನ್ನು ನುಂಗಿಕೊಂಡು, "ಭಾರ ಎತ್ತಲಿಕ್ಕೆ ಆಗುದಿಲ್ಲ" ಎಂದಷ್ಟೇ ಹೇಳಿದೆ. "ಅಷ್ಟು ಸಾಕು. ಕೇಸು ಮುಗಿಯುವವರೆಗೆ ಪಟ್ಟಿ ಬಿಚ್ಚಬೇಡಿ" ಎಂದರು ವಕೀಲರು.

ಮೂರು ತಿಂಗಳಲ್ಲಿ ಕೈ ಸರಿಯಾಯಿತು, ಪಟ್ಟಿ ಉಳಿಯಿತು. ಬಸ್ಸಿನ ವಿಮಾ ಕಂಪನಿಯ ತನಿಖೆಯವರೊಬ್ಬರು ಮನೆಗೆ ಬಂದ ದಿನ ಹೆಂಡತಿ ಕಾಫಿ ಲೋಟವನ್ನು ನನ್ನ ಬಾಯಿಗೇ ಹಿಡಿದಳು. ನನ್ನ ಬಲಗೈ ಗಟ್ಟಿಮುಟ್ಟಾಗಿಯೇ ಇದೆ ಎಂಬುದನ್ನು ಇಬ್ಬರೂ ಮರೆತಿದ್ದೆವು. ಅವರು ಏನನ್ನೋ ಬರೆದುಕೊಂಡು ಹೋದರು.

ಊಟದ ದಿನ ಪಟ್ಟಿ ಕಟ್ಟಿಕೊಂಡೇ ಇನ್ನಂಜೆಗೆ ಹೋಗಿ ಒಂದು ಮೂಲೆಯಲ್ಲಿ ನಿಂತೆ. ಸದಾನಂದ, ಮೊದಲ ಪಂಕ್ತಿಯ ಆರಂಭದಲ್ಲೇ, ಉಣ್ಣುವವರಿಗೆ ಅನ್ನದ ನಡುವೆ ಗುಂಡಿ ಮಾಡಿಕೊಳ್ಳಲೂ ಬಿಡದೆ ಸಾರು ಸುರಿಯುತ್ತಿದ್ದ. ಅದು ಎಲೆ ದಾಟಿ ಹಿರಿಯರೊಬ್ಬರ ಪಂಚೆಗೆ ಹರಿಯಿತು. ನನ್ನ ಮೈ ಉರಿಯಿತು. "ಕೊಡು ಇಲ್ಲಿ!" ಎಂದೆ. "ಬೇಡ ಭಾವ, ನಿಮ್ಮ ಕೈ..." "ನನ್ನ ಕೈಗೆ ಎಂತ ಆಗಿದೆ?" ಎಂದವನೇ ಪಟ್ಟಿ ಕಿತ್ತು ಸೊಂಟಕ್ಕೆ ಸಿಕ್ಕಿಸಿ ಬಾಲ್ದಿ ಎತ್ತಿದೆ.

ಮೂರನೆಯ ಪಂಕ್ತಿಯ ಕೊನೆಯ ಎಲೆಯ ಮುಂದೆ ಕುಳಿತಿದ್ದವರು ಅದೇ ತನಿಖೆಯವರು. ಅವರ ಹೆಂಡತಿಯ ತವರು ಇನ್ನಂಜೆ ಎಂದು ನನಗೇನು ಗೊತ್ತು? ತಿರುಗಿ ಓಡಬಹುದಿತ್ತು. ಆದರೆ ಎಲೆಯಲ್ಲಿ ಬರೀ ಅನ್ನವಿತ್ತು. ಬಡಿಸಿದೆ. ಅವರು ಬಾಲ್ದಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇನ್ನೊಂದು ಸೌಟು ಹಾಕಿ ಮಾರಾಯ್ರೆ, ಒಳ್ಳೆದುಂಟು" ಎಂದರು. ಹಾಕಿದೆ.

ಮುಂದಿನ ತಿಂಗಳು ವಕೀಲರು ಅವರ ವರದಿಯನ್ನು ಮೇಜಿನ ಮೇಲೆ ಕುಕ್ಕಿ ಓದಿದರು: "ಅರ್ಜಿದಾರರು ತುಂಬಿದ ಬಾಲ್ದಿಯನ್ನು ಎಡಗೈಯಲ್ಲಿ ಹಿಡಿದು ಮೂರು ಪಂಕ್ತಿಗಳಿಗೆ ಸಾರು ಬಡಿಸಿರುತ್ತಾರೆ. ಒಂದು ಹನಿಯೂ ಚೆಲ್ಲಿರುವುದಿಲ್ಲ." ನಾನು ಒಂದು ಜೆರಾಕ್ಸ್ ಕೇಳಿದೆ. "ಯಾಕೆ, ತಕರಾರು ಹಾಕ್ಲಿಕ್ಕಾ?" "ಅಲ್ಲ, ಸದಾನಂದನಿಗೆ ತೋರಿಸ್ಲಿಕ್ಕೆ."

ಅರ್ಜಿ ಬಿದ್ದುಹೋಯಿತು. ವರದಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇನೆ. ಮೊಳೆ ಹೊಡೆಯುವಾಗ ಎಡಗೈಯ ಹೆಬ್ಬೆರಳು ಜಜ್ಜಿಹೋಯಿತು. ಯಾರ ಮೇಲೆ ಕೇಸು ಹಾಕಲಿ? ಸುತ್ತಿಗೆಯೂ ನನ್ನದೇ, ಹೊಡೆದ ಬಲಗೈಯೂ ನನ್ನದೇ.