ಜಪಾನಿನ ಎಂಟು ಪಟ, ನನ್ನ ಎರಡು ಕಿವಿ

ಸುಮ್ಮನೆ ಹೋಗಿ ಸುಮ್ಮನೆ ಬರುವ ಯೋಗ ಕೆಲವರಿಗಿರುತ್ತದೆ. ನನಗಿಲ್ಲ. ತೂಬಗೆರೆಯಿಂದ ದೊಡ್ಡಬಳ್ಳಾಪುರದ ಸಂತೆಗೆ ಹೋದರೂ ಏನಾದರೊಂದು ಆಗುತ್ತದೆ, ಜಪಾನಿಗೆ ಹೋದರೂ ಆಗುತ್ತದೆ. ಹೌದು, ಜಪಾನಿಗೆ. ನಮ್ಮ ಹೋಬಳಿಯಲ್ಲಿ ಸಮುದ್ರ ದಾಟಿ ಆ ದೇಶ ನೋಡಿ ಬಂದವನು ನಾನೊಬ್ಬನೇ. ಬೇರೆ ಯಾರಾದರೂ ಇದ್ದರೆ ಎದುರಿಗೆ ಬರಲಿ, ಮಾತಾಡೋಣ.

ಮಾವನ ಷರತ್ತು

ಯುದ್ಧ ಮುಗಿದಿತ್ತು. ಸೋತ ಜಪಾನಿನ ಕಾವಲಿಗೆ ನಮ್ಮ ಪಲ್ಟನ್ನನ್ನು ಕಳಿಸುತ್ತಾರೆಂದು ಗೊತ್ತಾಯಿತು. ನಾನು ಅದರಲ್ಲಿ ಲಾರಿ ಡ್ರೈವರು. ಹಡಗು ಹತ್ತುವ ಮುಂಚೆ ರಜಾ ಹಾಕಿ ಊರಿಗೆ ಬಂದು, ಅವ್ವನನ್ನು ಕರೆದುಕೊಂಡು ರಾಜಘಟ್ಟದ ಸೋದರಮಾವನ ಮನೆಗೆ ಹೋದೆ. ಮಾವನ ಮಗಳು ನನಗೇ ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು.

ಮಾವ ರುಮಾಲು ಸರಿಮಾಡಿಕೊಂಡು ಕೇಳಿದ: "ಬೂದಿಗೆರೆಯವನ ಕತೆ ಗೊತ್ತೇನ್ಲಾ?"

ಯಾರಿಗೆ ಗೊತ್ತಿಲ್ಲ? ನಾಲ್ಕು ವರ್ಷ ಬರ್ಮಾದಲ್ಲಿ ಕಾದಾಡಿದೆ ಎಂದು ಮೀಸೆ ತಿರುವಿ ಒಳ್ಳೆಯ ಮನೆಯ ಹೆಣ್ಣು ತಂದಿದ್ದ. ಆಮೇಲೆ ನೋಡಿದರೆ ಆ ನಾಲ್ಕು ವರ್ಷವೂ ಬೆಂಗಳೂರಿನ ಪಕ್ಕದ ಕ್ಯಾಂಪಿನಲ್ಲೇ ಆಲೂಗಡ್ಡೆ ಸುಲಿಯುತ್ತಿದ್ದನಂತೆ.

"ನೀನು ಜಪಾನಿಗೆ ಹೋಗಿದ್ದಕ್ಕೆ ರುಜುವಾತು ತಾ, ಹೆಣ್ಣು ಕೊಡ್ತೀನಿ. ಇಲ್ಲಾಂದ್ರೆ ಹೊಸಕೋಟೆ ಕಡೆಯಿಂದ ಒಂದು ಸಂಬಂಧ ಬಂದದೆ."

"ಏನು ತರಲಿ ಮಾವ? ಅಲ್ಲಿಯ ಚಕ್ರವರ್ತಿ ಸಹಿ ಹಾಕಿಸ್ಕೊಂಡು ಬರಲಾ?"

"ಅವನ ಸಹಿ ಓದೋರು ಯಾರ್ಲಾ ಇದ್ದಾರೆ ಇಲ್ಲಿ? ಪಟ ಹಿಡ್ಕೊಂಡ್ಬಾ. ಕಣ್ಣಿಗೆ ಕಾಣಬೇಕು."

ಎದೆ ತಟ್ಟಿಕೊಂಡು ಹೇಳಿದೆ: "ಪಟ ಏನು, ಇಡೀ ಜಪಾನನ್ನೇ ತಂದು ಈ ಜಗುಲಿ ಮೇಲೆ ಇಡ್ತೀನಿ!"

ಕಂಬದ ಹಿಂದೆ ನಿಂತಿದ್ದವಳು ಮೆಲ್ಲಗೆ ಅಂದಳು: "ಜಗುಲಿ ಮೇಲೆ ರಾಗಿ ಮೂಟೆ ಅವೆ ಭಾವ. ಕೊಟ್ಟಿಗೇಲಿ ಇಡು."

ಬೆನ್ನಿಗೆ ಬಿಸಿಲು

ಜಪಾನಿನಲ್ಲಿ ಇಳಿದ ವಾರದಲ್ಲೇ ಕ್ಯಾಮರಾ ಸಂಪಾದಿಸಿದೆ. ನನಗೆ ಸಿಗರೇಟಿನ ಚಟವಿಲ್ಲ. ಪಲ್ಟನ್ನಿನಲ್ಲಿ ಕೊಡುತ್ತಿದ್ದ ಸಿಗರೇಟನ್ನೆಲ್ಲ ಕೂಡಿಟ್ಟು ಬೀದಿಯಲ್ಲಿ ಚಾಪೆ ಹಾಸಿ ಕೂತಿದ್ದ ಒಬ್ಬ ಮುದುಕನ ಮುಂದೆ ಸುರಿದೆ. ಅವನು ಒಂದು ಕರೀ ಡಬ್ಬಿ ಕ್ಯಾಮರಾ ಕೊಟ್ಟ. ಒಳಗೆ ಒಂದೇ ಫಿಲ್ಮ್ ಸುರುಳಿ, ಎಂಟೇ ಪಟ. ಬೇರೆ ಸುರುಳಿ ಊರೆಲ್ಲ ಹುಡುಕಿದರೂ ಇಲ್ಲ.

ಅವನ ಮಾತು ನನಗೆ ಬಾರದು, ನನ್ನ ಮಾತು ಅವನಿಗೆ ಬಾರದು. ಆದರೂ ಪಾಠ ಆಯಿತು. ನನ್ನ ಭುಜ ಹಿಡಿದು ಗಿರಕ್ಕನೆ ತಿರುಗಿಸಿ, ಸೂರ್ಯನನ್ನು ತೋರಿಸಿ, ಬೆನ್ನಿಗೆ ಮೂರು ಏಟು ಕೊಟ್ಟ. ಸೂರ್ಯ ಬೆನ್ನ ಹಿಂದೆ ಇರಬೇಕು, ಇಷ್ಟೇ ವಿದ್ಯೆ! ಬೇರೆಯವರು ವರ್ಷಗಟ್ಟಲೆ ಕಲಿಯುವುದನ್ನು ನಾನು ನಿಂತ ಕಾಲಲ್ಲಿ ಕಲಿತುಬಿಟ್ಟೆ.

ಪಕ್ಕದಲ್ಲಿದ್ದ ನಮ್ಮ ಹವಾಲ್ದಾರ, ಬೆಂಗಳೂರು ದಂಡಿನ ತಮಿಳಿನವನು, ನಿಟ್ಟುಸಿರುಬಿಟ್ಟ. "ತಂಬಿ, ಎರಡು ವರ್ಷದಿಂದ ಬಾಯಲ್ಲಿ ಹೇಳಿಕೊಟ್ಟೆ, ಒಂದೂ ನಿನ್ನ ತಲೆಗೆ ಹೋಗಲಿಲ್ಲ. ದಾರಿ ಬೆನ್ನಿನ ಕಡೆಯಿಂದ ಅಂತ ಮೊದಲೇ ಹೇಳೋದಲ್ವಾ?"

ಮೂವತ್ತಮೂರು

ಲಾರಿ ಡ್ಯೂಟಿ ಶುರುವಾಗುವ ಮುಂಚೆ, ಹೊತ್ತು ಮೂಡುತ್ತಲೇ ನಾನು ದೇವಸ್ಥಾನಗಳಿಗೆ ಹೋಗುತ್ತಿದ್ದೆ. ಎಂಥಾ ದೇವಸ್ಥಾನಗಳು! ಕಲ್ಲಲ್ಲ, ಪೂರ್ತಿ ಮರದ್ದು. ಮಾಡಿನ ಮೂಲೆಗಳು ಹೋರಿಯ ಕೊಂಬಿನ ಹಾಗೆ ಮೇಲಕ್ಕೆ ಬಾಗಿರುತ್ತವೆ. ಕೆಂಪು ಬಾಗಿಲು, ಪಾಚಿ ಹಿಡಿದ ಮೆಟ್ಟಿಲು, ಕೊಳದ ಮೇಲೆ ಒರಗಿದ ಮರಗಳು. ಕಸ ಗುಡಿಸಿದ ಗೆರೆ ಕೂಡ ರಂಗೋಲಿಯ ಹಾಗಿರುತ್ತದೆ.

ನಾನು ತೂಬಗೆರೆಯವನು, ಪದ್ಧತಿ ಬಿಡುವವನಲ್ಲ. ಹೆಬ್ಬಾಗಿಲಲ್ಲೇ ಬೂಟು ಬಿಟ್ಟೆ. ಟೋಪಿ ತೆಗೆದು ಕಂಕುಳಲ್ಲಿಟ್ಟೆ. ಸಾಹೇಬನಿಗೆ ಟೋಪಿ ಹಾಕಿ ಸಲಾಮು, ದೇವರಿಗೆ ಬರೀ ತಲೆ. ಪ್ರತಿ ದೇವಸ್ಥಾನದಲ್ಲೂ ಹೀಗೆಯೇ.

ಒಂದು ಕಡೆ ಗರ್ಭಗುಡಿಯ ಬಾಗಿಲು ಹಾಕಿತ್ತು. ಮಂಗಳಾರತಿಗೆ ತೆರೆಯುತ್ತಾರೆ, ಆಗ ದೇವರ ಪಟವನ್ನೇ ಹಿಡಿಯೋಣ ಎಂದು ಕೂತೆ. ಪೂಜಾರಿ ಬಂದ. ಯಾವಾಗ ಎಂದು ಕೈಸನ್ನೆಯಲ್ಲಿ ಕೇಳಿದೆ. ಅವನು ಮೂರು ಬೆರಳು ತೋರಿಸಿದ, ಮತ್ತೆ ಮೂರು ಬೆರಳು ತೋರಿಸಿದ. ಮೂವತ್ತಮೂರು ನಿಮಿಷ ತಾನೇ! ಚಳಿಯಲ್ಲಿ ಬರಿಗಾಲಲ್ಲಿ ಕೂತೆ. ಒಂದು ಗಂಟೆಯಾಯಿತು, ಬಾಗಿಲು ಅಲುಗಲಿಲ್ಲ. ಹೊರಗೆ ಹವಾಲ್ದಾರನ ಲಾರಿ ಹಾರನ್ನು ಹೊಡೆಯುತ್ತಲೇ ಇತ್ತು.

ಕೊನೆಗೆ ಒಬ್ಬ ಸ್ಕೂಲು ಮೇಷ್ಟ್ರು ನನ್ನ ಬೂಟುಗಳನ್ನು ಎತ್ತಿಕೊಂಡು ಓಡಿಬಂದರು. ಹೆಬ್ಬಾಗಿಲಲ್ಲಿ ಬೂಟು ಮಾತ್ರ ಕಂಡು, ಸಿಪಾಯಿ ಏನಾದನೋ ಎಂದು ಗಾಬರಿಯಾಗಿತ್ತಂತೆ. ಅಲ್ಲಿ ಕಟ್ಟಡದ ಮೆಟ್ಟಿಲವರೆಗೂ ಬೂಟು ಹಾಕಿಕೊಳ್ಳಬಹುದಂತೆ! ಅವರಿಗೆ ಇಂಗ್ಲಿಷು ನನ್ನಷ್ಟೇ ಬರುತ್ತಿತ್ತು, ಹಾಗಾಗಿ ಚೆನ್ನಾಗಿ ಅರ್ಥವಾಯಿತು. ಆ ದೇವರ ಬಾಗಿಲು ತೆರೆಯುವುದು ಮೂವತ್ತಮೂರು ವರ್ಷಕ್ಕೊಂದು ಸಲ. ಹೋದ ವರ್ಷ ತೆರೆದಿದ್ದರು.

ಲಾರಿ ಹತ್ತಿ ಹವಾಲ್ದಾರನಿಗೆ ಹೇಳಿದೆ. ಅವನು ಗಡಿಯಾರ ನೋಡಿಕೊಂಡು, "ಮೂವತ್ತೆರಡು ವರ್ಷ ರಜಾ ಕೊಡೋ ಅಧಿಕಾರ ನನಗಿಲ್ಲ ತಂಬಿ, ಮೇಜರ್ ಸಾಹೇಬರಿಗೆ ಅರ್ಜಿ ಬರಿ" ಅಂದ. ನಾನು ಬಾಗಿಲಿನ ಪಟ ಹಿಡಿದುಕೊಂಡು ಬಂದಿದ್ದೆ.

ಬೆಟ್ಟಕ್ಕೆ ಹುಕುಂ

ಏಳು ಪಟ ಮುಗಿದಾಗ ತಲೆಗೆ ಹೊಳೆಯಿತು. ಎಲ್ಲದರಲ್ಲೂ ಜಪಾನಿದೆ, ನಾನೇ ಇಲ್ಲ! ಟೋಕಿಯೋ ಕಡೆ ಡ್ಯೂಟಿ ಬಿದ್ದಾಗ ಕೊನೆಯ ಪಟಕ್ಕೆ ಫ್ಯೂಜಿ ಬೆಟ್ಟದ ಎದುರು ನಾನು ನಿಂತು, ಕ್ಯಾಮರಾವನ್ನು ಹವಾಲ್ದಾರನ ಕೈಗೆ ಕೊಟ್ಟೆ.

ಬೆಟ್ಟ ಮೋಡದೊಳಗಿತ್ತು. ಎರಡು ಗಂಟೆ ಕಾದೆವು. ಹವಾಲ್ದಾರನಿಗೆ ಸಿಟ್ಟು ಬಂದು, ಬೆಟ್ಟದ ಕಡೆ ತಿರುಗಿ ಪರೇಡಿನ ಗಂಟಲಲ್ಲಿ "ಹೊರಗೆ ಬಾ!" ಎಂದು ಕೂಗಿದ. ನೀವು ನಂಬಿ, ಬಿಡಿ, ಮೋಡ ಸರಿಯಿತು. ನಮ್ಮ ನಂದಿಬೆಟ್ಟಕ್ಕೆ ಯಾರೋ ತಲೆಯಿಂದ ಸುಣ್ಣ ಸುರಿದ ಹಾಗೆ ಬೆಳ್ಳಗೆ ನಿಂತಿತ್ತು. ಹವಾಲ್ದಾರ ಚಕ್ಕನೆ ಗುಂಡಿ ಒತ್ತಿದ.

"ನೋಡಿದ್ಯಾ? ನಾನು ಕರೆದರೆ ನೀನು ಒಬ್ಬನೇ ತಡವಾಗಿ ಬರೋದು."

ತೊಳೆಸಿದ ಮೇಲೆ

ಜಪಾನಿನಿಂದ ವಾಪಸು ಬಂದಾಗ, ಊರ ದಾರಿಯಲ್ಲಿ ಬೆಂಗಳೂರು ದಂಡಿನ ಒಂದು ಸ್ಟುಡಿಯೋದಲ್ಲಿ ಸುರುಳಿ ತೊಳೆಸಿದೆವು. ಸ್ಟುಡಿಯೋದವನು ಪಟಗಳನ್ನು ಮೇಜಿನ ಮೇಲೆ ಹರಡಿ ಕೇಳಿದ: "ಸಾರ್, ಜಪಾನಿನಲ್ಲಿ ಎಲ್ಲ ದೇವಸ್ಥಾನದ ಮುಂದೆಯೂ ಆನೆ ಕಟ್ಟಿರ್ತಾರಾ?"

ನೋಡುತ್ತೇನೆ, ಏಳು ಪಟದಲ್ಲೂ ಕೆಳಗೆ ಉದ್ದಕ್ಕೆ ಒಂದು ನೆರಳು. ಮೊಣಕೈಗಳು ಹೊರಚಾಚಿವೆ. ತಲೆಯ ಎರಡೂ ಪಕ್ಕ ಎರಡು ಮೊರ. ಮೊರವಲ್ಲ, ನನ್ನ ಕಿವಿಗಳು! ಬೆಳಗಿನ ಸೂರ್ಯ ಬೆನ್ನಿಗೆ, ಟೋಪಿ ಕಂಕುಳಿಗೆ. ಇನ್ನೇನಾಗುತ್ತದೆ? ಎಂಟನೆಯ ಪಟದಲ್ಲಿ ಬೆಟ್ಟ ಪೂರ್ತಿ ಬಂದಿತ್ತು. ನಾನು ಪಕ್ಕದಲ್ಲಿದ್ದೆ, ಬೂಟಿನಿಂದ ಕತ್ತಿನವರೆಗೆ.

"ತಲೆ ಎಲ್ಲಿ?" ಎಂದು ಅರಚಿದೆ.

ಹವಾಲ್ದಾರ ಶಾಂತವಾಗಿ ಅಂದ: "ಬೆಟ್ಟ ಅಪರೂಪ ತಂಬಿ. ನಿನ್ನ ತಲೆ ದಿನಾ ನೋಡ್ತೀವಲ್ಲ."

ರಾಜಘಟ್ಟದ ಅಂಗಳ

ಹೆಣ್ಣಿನ ಮನೆಗೆ ಆನೆ ಕಿವಿಯ ಪಟ ಒಯ್ಯುವಷ್ಟು ಮಾನಗೆಟ್ಟವನಲ್ಲ ನಾನು. ಮನೆಗೆ ಬಂದು ಕತ್ತರಿ ಹಿಡಿದು ಏಳೂ ಪಟದ ಕೆಳಗಿನ ನೆರಳನ್ನು ಕತ್ತರಿಸಿ ಎಸೆದೆ. ಅವ್ವ ಪೊರಕೆ ಹಿಡಿದು ನೋಡುತ್ತಿದ್ದಳು. ಈಗ ಪಟಗಳು ರಾಜರ ಅರಮನೆಯಲ್ಲಿ ತೂಗುಹಾಕುವ ಹಾಗಿದ್ದವು.

ಅದೇ ಎಡವಟ್ಟಾಯಿತು. ಅವ್ವನ ಜೊತೆ ರಾಜಘಟ್ಟಕ್ಕೆ ಹೋಗಿ ಪಟಗಳನ್ನು ಜಗುಲಿಯ ಮೇಲೆ ಹರಡಿದೆ. ಮಾವ ಒಂದೊಂದನ್ನೂ ತಿರುಗಿಸಿ ನೋಡಿ ಕೆಳಗಿಟ್ಟ. "ಭೇಷಾಗವೆ. ದೊಡ್ಡಬಳ್ಳಾಪುರದ ಸಂತೇಲಿ ಕ್ಯಾಲೆಂಡರು ಮಾರೋನ ಹತ್ರ ಇಂಥವು ರಾಶಿ ಬಿದ್ದಿರ್ತವೆ."

"ಮಾವ, ಇಲ್ನೋಡು, ಬೆಟ್ಟದ ಪಕ್ಕ ನಾನೇ!"

"ತಲೆ ಎಲ್ಲಿ?"

"ಅದು... ಹವಾಲ್ದಾರ..."

"ತಲೆ ಇಲ್ದೋನಿಗೆ ಹೆಣ್ಣು ಕೊಡ್ಲಾ? ಬಾಸಿಂಗ ಎಲ್ಲಿಗೆ ಕಟ್ಟಿಸ್ತೀಯ? ಹೊಸಕೋಟೆಯೋರಿಗೆ ನಾಳೆ ಹೇಳಿಕಳಿಸ್ತೀನಿ."

ಸಮುದ್ರದಲ್ಲಿ ಬಿರುಗಾಳಿ ಎದ್ದಾಗಲೂ ಹೆದರದವನು ನಾನು. ಆ ಜಗುಲಿಯ ಮೇಲೆ ಹೊಸಕೋಟೆಯ ಹೆಸರಿಗೆ ಹೆದರಿದೆ.

ಆಗ ಅವ್ವ ಎಲೆಅಡಿಕೆ ಚೀಲದ ಬಾಯಿ ಬಿಚ್ಚಿ, ಏಳು ಕಾಗದದ ಪಟ್ಟಿ ಹೊರತೆಗೆದಳು. "ಕಸದ ಜೊತೆ ಗುಡಿಸೋಕೆ ಹೋದೆ ಕಣೋ ತಮ್ಮಯ್ಯ. ಹೆತ್ತ ಮಗನ ನೆರಳು, ಮನಸ್ಸು ಬರಲಿಲ್ಲ." ಒಂದೊಂದು ಪಟದ ಕೆಳಗೂ ಅದರದರ ಪಟ್ಟಿ ಹುಡುಕಿ ಕೂಡಿಸಿಟ್ಟಳು. ದೇವಸ್ಥಾನ, ಮೆಟ್ಟಿಲು, ಅಂಗಳ, ಅಂಗಳದ ಮೇಲೆ ನನ್ನ ಕಿವಿ. ಗೆರೆಗೆ ಗೆರೆ ಕೂಡಿತು.

ಮಾವ ಪಟ ನೋಡಿದ, ನನ್ನನ್ನು ನೋಡಿದ. ಬಿಸಿಲಿಗೆ ಎಳೆದುಕೊಂಡು ಹೋಗಿ ಅಂಗಳದಲ್ಲಿ ನಿಲ್ಲಿಸಿದ. ನೆಲದ ಮೇಲೆ ಅದೇ ನೆರಳು! ಗೆದ್ದೆ ಎಂದುಕೊಂಡೆ. ಮಾವ ಅಷ್ಟು ಸುಲಭಕ್ಕೆ ಸೋಲುವವನೇ? ರುಮಾಲು ಬಿಚ್ಚಿ ನನ್ನ ಪಕ್ಕದಲ್ಲೇ ನಿಂತ. ಈ ಕಿವಿ ನನಗೆ ಅವ್ವನ ತವರಿನಿಂದಲೇ ಬಂದದ್ದು ಎಂಬುದು ಆಗ ನೆನಪಾಯಿತು. ನೆಲದ ಮೇಲೆ ಈಗ ಎರಡು ಆನೆ.

"ನೋಡ್ಲಾ! ಈ ನೆರಳು ನಂದೂ ಆಗಬೋದು. ಹಾಗಂತ ನಾನು ಜಪಾನಿಗೆ ಹೋಗಿದ್ನಾ?"

ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಮಾವನ ಮಗಳ ದನಿ ಬಂತು:

"ಅಪ್ಪಯ್ಯ, ಈ ಕಿವಿ ಇರೋರು ಇಬ್ಬರೇ. ನೀನಂತೂ ದೊಡ್ಡಬಳ್ಳಾಪುರ ದಾಟಿದೋನಲ್ಲ. ಅಂದ್ಮೇಲೆ ಅಲ್ಲಿ ನಿಂತಿದ್ದೋನು ಭಾವನೇ ತಾನೇ?"

ಮಾವನ ಮುಖ ಕೆಂಪಾಯಿತು, ಕಿವಿ ಅದಕ್ಕಿಂತ ಕೆಂಪಾಯಿತು. ರುಮಾಲನ್ನು ಕೊಡವಿ ಹೆಗಲಿಗೆ ಎಸೆದುಕೊಂಡು ಗುಡುಗಿದ:

"ಯಾರೇ ಹೇಳಿದ್ದು ದಾಟಿಲ್ಲ ಅಂತ? ಯಲಹಂಕದವರೆಗೂ ಹೋಗಿದ್ದೀನಿ! ಅಕ್ಕಾ, ಲಗ್ನಕ್ಕೆ ದಿನ ನೋಡಿಸು. ಸುತ್ತಾದ್ರೂ ಸರಿ, ದಿಬ್ಬಣ ಯಲಹಂಕದ ಮೇಲೇ ಬರಲಿ, ದಾರಿ ನಾನು ತೋರಿಸ್ತೀನಿ!"