ಎರಡು ಏಳು, ಒಂದು ಕುಕ್ಕರು

ಇಸ್ಪೀಟಲ್ಲಿ ಕೆಲವರಿಗೆ ರಾಜ ರಾಣಿ ಬರ್ತಾರೆ, ಕೆಲವರಿಗೆ ಏನೂ ಬರಲ್ಲ. ನನಗೆ ಮಾತ್ರ ಆಟ ಮುಗಿಯೋ ಹೊತ್ತಿಗೆ ಸರಿಯಾಗಿ ಏಳರದೋ ಎಂಟರದೋ ಒಂದು ಜೋಡಿ ಬಂದು ಕೂರುತ್ತೆ. ಬಿಸಾಕೋಕೆ ಮನಸ್ಸು ಬರಲ್ಲ, ಹಿಡ್ಕೊಳ್ಳೋಕೆ ಧೈರ್ಯ ಬರಲ್ಲ. ಎಪ್ಪತ್ತರ ದಶಕದಲ್ಲಿ ಮೂರು ಯುಗಾದಿ ನಾನು ಈ ದರಿದ್ರ ಜೋಡಿ ಜೊತೆ ಒದ್ದಾಡಿದೀನಿ.

ಆಗ ವಿಜಯನಗರದಲ್ಲಿ ಮನೆಗಿಂತ ಖಾಲಿ ಸೈಟೇ ಜಾಸ್ತಿ. ಯುಗಾದಿ ಮಾರನೇ ದಿನ ಹೊಸತೊಡಕು. ಅವತ್ತು ಮನೆಮನೆಯಲ್ಲೂ ಮಟನ್ ಬೇಯಬೇಕು, ಗಂಡಸರು ಇಸ್ಪೀಟು ಹಿಡೀಬೇಕು. ನಮ್ಮ ರಸ್ತೆ ಸಂಘದವರು ಖಾಲಿ ಸೈಟಲ್ಲಿ ಶಾಮಿಯಾನ ಹಾಕಿ ಮೂರೆಲೆ ಪಂದ್ಯ ಇಡೋರು. ದುಡ್ಡು ಮುಟ್ಟೋ ಹಾಗಿಲ್ಲ. ತಲೆಗೆ ಐವತ್ತು ಹುಣಸೆಬೀಜ. ಬೀಜ ಮುಗಿದೋನು ಎದ್ದು ಹೋಗಬೇಕು, ಕೊನೆಗೆ ಉಳಿದೋನು ಗೆದ್ದ. ಗಂಟೆಗೊಂದು ಸಲ ಗಂಟೆ ಬಾರಿಸೋರು, ಕಟ್ಟೋ ಬೀಜ ಎರಡರಷ್ಟಾಗೋದು. ಹಾಗಾಗಿ ಮಧ್ಯಾಹ್ನದ ಹೊತ್ತಿಗೆ ಕೂತೋರೆಲ್ಲ ಬೆವರ್ತಾ ಇರೋರು.

ಬಹುಮಾನ ಪ್ರತಿವರ್ಷವೂ ಪ್ರೆಶರ್ ಕುಕ್ಕರು. ಸಂಘದ ಕಾರ್ಯದರ್ಶಿಗಳ ಭಾವಮೈದ ಪಾತ್ರೆ ಅಂಗಡಿ ಇಟ್ಟಿದ್ದ, ಅದಕ್ಕೆ. ನಮ್ಮನೆಯವಳು ಸೀಮೆಎಣ್ಣೆಗೆ ಕ್ಯೂ ನಿಂತು ನಿಂತು ಸೋತಿದ್ದಳು. "ಬೇರೆ ಏನೂ ಕೇಳಲ್ಲ ಕಣ್ರೀ, ಅದೊಂದು ಗೆದ್ದು ತನ್ನಿ" ಅಂದಿದ್ದಳು. ನನಗೂ ಅವಳಿಗೆ ಅದೊಂದು ತಂದುಕೊಡಬೇಕು ಅಂತ ತುಂಬಾ ಆಸೆ ಇತ್ತು.

ಮೇಷ್ಟ್ರ ಧೈರ್ಯ

ಮೊದಲನೇ ವರ್ಷ ಕೊನೇ ನಾಲ್ಕು ಜನದಲ್ಲಿ ನಾನೂ ಒಬ್ಬ. ಎಲೆ ಎತ್ತಿ ನೋಡಿದೆ, ಎಂಟರ ಜೋಡಿ. ಎದುರಿಗೆ ರಿಟೈರ್ಡ್ ಹೆಡ್ ಮೇಷ್ಟ್ರು. ಅವರು ಬೆಳಗ್ಗೆಯಿಂದ ಎಲೆ ಮುಟ್ಟದೆ ಬ್ಲೈಂಡ್ ಆಡ್ತಾ ಇದ್ದರು. ಎಲೆ ನೋಡದೆ ಆಡೋದು ಅಂದ್ರೆ ಭಾರೀ ಗಂಡೆದೆ ಬೇಕು.

ನಾನು ಹತ್ತು ಬೀಜ ಹಾಕಿದೆ. ಅವರೂ ಹಾಕಿದರು, ನೋಡಲಿಲ್ಲ. ಇಪ್ಪತ್ತು ಹಾಕಿದೆ. ಶಾಂತವಾಗಿ ಹಾಕಿದರು, ಆಗಲೂ ನೋಡಲಿಲ್ಲ. ಮೂವತ್ತೈದು ವರ್ಷ ಲೆಕ್ಕ ಹೇಳಿಕೊಟ್ಟ ಮನುಷ್ಯ, ಏನೋ ಲೆಕ್ಕ ಹಾಕಿಯೇ ಕೂತಿದಾರೆ ಅನ್ನಿಸ್ತು. ಪ್ಯಾಕ್ ಅಂತ ಎಲೆ ಬಿಸಾಕಿದೆ.

ಪಕ್ಕದಲ್ಲಿದ್ದ ಬಸ್ ಕಂಡಕ್ಟರು ಮೇಷ್ಟ್ರ ಎಲೆ ತಿರುಗಿಸಿದ. ಎರಡು, ಐದು, ಗುಲಾಮ. ಮೂರು ಕಾಸಿನ ಎಲೆ. ಪಂದ್ಯ ಗೆದ್ದು ಕುಕ್ಕರ್ ಬಗಲಲ್ಲಿಟ್ಟುಕೊಂಡು ಹೊರಟ ಮೇಷ್ಟ್ರನ್ನ ತಡೆದು, "ಸಾರ್, ಒಂದು ಸಲಾನೂ ಎಲೆ ನೋಡ್ಲೇ ಇಲ್ಲವಲ್ಲ, ಏನು ಧೈರ್ಯ ಸಾರ್ ನಿಮ್ಮದು!" ಅಂದೆ.

"ನೋಡಿ ಏನಪ್ಪಾ ಮಾಡ್ಲಿ?" ಅಂದ್ರು ಮೇಷ್ಟ್ರು. "ಕನ್ನಡಕ ಮನೇಲೇ ಮರೆತು ಬಂದಿದೀನಿ."

ಹೊಸ ಬೀಜ

ಎರಡನೇ ವರ್ಷ ಏನಾದ್ರೂ ಸರಿ, ಜೋಡಿ ಬಂದ್ರೆ ಬಿಡಲ್ಲ ಅಂತ ಆಣೆ ಮಾಡ್ಕೊಂಡು ಹೋದೆ. ಕೊನೆಗೆ ಉಳಿದಿದ್ದು ನಾನು, ಹೇರೋಹಳ್ಳಿ ಕಡೆಯ ಒಬ್ಬ ಗೌಡರು. ನನಗೆ ಒಂಬತ್ತರ ಜೋಡಿ ಬಂತು.

ಹಾಕಿದೆ. ಗೌಡರೂ ಹಾಕಿದರು. ಮತ್ತೆ ಹಾಕಿದೆ, ಮತ್ತೆ ಹಾಕಿದರು. ನನ್ನ ಗುಡ್ಡೆ ಕರಗ್ತಾ ಬಂತು, ಅವರ ಗುಡ್ಡೆ ಇದ್ದ ಹಾಗೇ ಇದೆ! ಶೋ ಅಂದು ಎದುರಿನವರ ಎಲೆ ತೋರಿಸಿ ಅಂತ ಕೇಳೋಕೂ ಬೀಜ ಕಟ್ಟಬೇಕು. ಅದೂ ಇಲ್ಲದೆ, ಒಂಬತ್ತರ ಜೋಡಿ ಕೈಯಲ್ಲಿಟ್ಟುಕೊಂಡೇ ಸೋತು ಎದ್ದೆ. ಗೌಡರು ಎಲೆ ತೋರಿಸಿದರು. ನಾಲ್ಕರ ಜೋಡಿ. ಹೊಟ್ಟೆ ಉರಿದುಹೋಯ್ತು.

ಅಷ್ಟರಲ್ಲಿ ಕಂಡಕ್ಟರು "ಏನ್ ಗುರುವೇ ಇದು, ಇರುವೆ!" ಅಂದ. ನೋಡಿದ್ರೆ ಜಮಖಾನದ ಮೇಲೆ ಸಾಲಾಗಿ ಇರುವೆಗಳು ಗೌಡರ ಗುಡ್ಡೆಗೆ ಹೋಗ್ತಾ ಇವೆ. ಸಂಘದ ಬೀಜ ತೊಳೆದು ಒಣಗಿಸಿದ್ದು. ಗೌಡರ ಬೀಜದಲ್ಲಿ ಇನ್ನೂ ಹುಣಸೆಹಣ್ಣು ಅಂಟ್ಕೊಂಡಿತ್ತು. ಅವರಿಗೆ ಊರಲ್ಲಿ ಹುಣಸೆ ತೋಪೇ ಇತ್ತು. ಜುಬ್ಬದ ಎರಡೂ ಜೇಬು ತುಂಬಿಕೊಂಡು ಬಂದಿದ್ದರು.

"ಮೋಸ ಅಲ್ವೇನ್ರೀ ಗೌಡ್ರೇ?" ಅಂತ ಎಲ್ಲರೂ ಮೇಲೆ ಬಿದ್ವಿ.

ಗೌಡರು ನಿಜವಾಗಿಯೂ ನೊಂದುಕೊಂಡರು. "ಮೋಸ ಏನ್ ಬಂತು? ನಿಮ್ಮದೂ ಹುಣಸೆಬೀಜ, ನಂದೂ ಹುಣಸೆಬೀಜ. ನಂದು ಹೊಸಾದು, ಅಷ್ಟೇ."

ಸಂಘದ ಆಸ್ತಿ

ಪಂದ್ಯ ರದ್ದಾಯ್ತು. ಕುಕ್ಕರು ಮುಂದಿನ ಯುಗಾದಿವರೆಗೆ ಕಾರ್ಯದರ್ಶಿಗಳ ಮನೆಯಲ್ಲಿ ಜೋಪಾನವಾಗಿರಲಿ ಅಂತ ತೀರ್ಮಾನ ಮಾಡಿದ್ವಿ. ಮಾರನೇ ಬೆಳಗ್ಗೆಯಿಂದ ಅವರ ಮನೆಯಿಂದ ದಿನಾ ಮೂರು ಸೀಟಿ ಕೇಳೋಕೆ ಶುರುವಾಯ್ತು.

ನಮ್ಮದು ಎದುರುಮನೆ. ಒಂದೊಂದು ಸೀಟಿಗೂ ನನ್ನ ಹೆಂಡತಿ ನನ್ನ ಮುಖ ನೋಡೋಳು. ಒಂದು ತಿಂಗಳು ತಡೆದುಕೊಂಡು, ಕೊನೆಗೆ ಗೇಟಿನ ಹತ್ತಿರ ಅವರನ್ನ ಹಿಡಿದು ಕೇಳೇಬಿಟ್ಟಳು, "ಏನ್ ಸಾರ್, ಕುಕ್ಕರ್ ನೀವೇ ಉಪಯೋಗಿಸ್ತಾ ಇದೀರಂತೆ?"

"ಸುಮ್ನೆ ಇಟ್ರೆ ರಬ್ಬರ್ ಗಟ್ಟಿಯಾಗುತ್ತಮ್ಮ" ಅಂದ್ರು ಅವರು. "ಸಂಘದ ಆಸ್ತಿ ನೋಡಿ. ಬೇಡ ಅಂದ್ರೂ ದಿನಾ ಬೇಯಿಸಬೇಕಾಗಿದೆ."

ಎರಡು ಸೀಟಿ ಬಾಕಿ

ಮೂರನೇ ವರ್ಷ ಬೀಜದ ಬದಲು ಸಂಘದ ಸೀಲು ಹೊಡೆದ ರಟ್ಟಿನ ಚೂರು. ಕುಕ್ಕರ್ ಡಬ್ಬ ಮೇಜಿನ ಮೇಲೆ ಹೂವಿನ ಹಾರ ಹಾಕಿಸ್ಕೊಂಡು ಕೂತಿತ್ತು. ಕೊನೆಗೆ ಉಳಿದಿದ್ದು ಕಾರ್ಯದರ್ಶಿಗಳು ಮತ್ತು ನಾನು. ಎಲೆ ನೋಡಿದೆ. ಏಳರ ಜೋಡಿ. ಅಯ್ಯೋ ನನ್ನ ಕರ್ಮವೇ ಅಂದ್ಕೊಂಡೆ.

ಇಬ್ಬರೂ ಹಾಕ್ತಾ ಹಾಕ್ತಾ ಹೆಚ್ಚುಕಮ್ಮಿ ಎಲ್ಲಾ ರಟ್ಟೂ ನಡುವೆ ಬಿತ್ತು. ನನ್ನ ಕಡೇ ಹಿಡಿಯನ್ನೂ ತಳ್ಳಿದೆ. ಅವರು ಅಷ್ಟು ಕಟ್ಟಿ ಶೋ ಕೇಳಬೇಕು, ಇಲ್ಲಾ ಪ್ಯಾಕ್ ಅನ್ನಬೇಕು. ಕೈ ರಟ್ಟಿನ ಮೇಲೇ ಇತ್ತು. ಆಗ ನನ್ನ ಬೆನ್ನ ಹಿಂದೆ ನಮ್ಮನೆಯವಳು ಬಂದು ನಿಂತಳು.

"ಬೆಳಗ್ಗೆ ಐದಕ್ಕೆ ಕ್ಯೂ ನಿಂತು ತಂದ ಮಟನ್ನು, ಇನ್ನೂ ಬೆಂದಿಲ್ಲ. ಸೀಮೆಎಣ್ಣೆ ಮುಗೀತು. ನೀವು ನೋಡಿದ್ರೆ ಎರಡು ಏಳು ಹಿಡ್ಕೊಂಡು ಇಲ್ಲಿ ಕೂತಿದೀರಲ್ರೀ!"

ಇಡೀ ಶಾಮಿಯಾನಕ್ಕೆ ಕೇಳಿಸ್ತು. ಮುಗೀತು ನನ್ನ ಕಥೆ ಅಂತ ಕಣ್ಣು ಮುಚ್ಚಿದೆ.

ಕಾರ್ಯದರ್ಶಿಗಳು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ನಕ್ಕರು. "ಯಾವ ಹೆಂಡತಿ ತಾನೇ ಹೀಗೆ ಗಂಡನ ಎಲೆ ಹೇಳ್ತಾಳೆ? ಮನೇಲೇ ಹೇಳಿಕೊಟ್ಟು ಕರ್ಕೊಂಡು ಬಂದಿದೀರಾ. ಇದಕ್ಕೆಲ್ಲ ನಾನು ಬೀಳಲ್ಲ. ಪ್ಯಾಕ್!" ಅಂತ ಎಲೆ ಬಿಸಾಕಿದರು. ಗುಲಾಮನ ಜೋಡಿ. ನಾನು ಎರಡು ಏಳು ತೋರಿಸಿದೆ. ಕಟ್ಟೋದು ಗಂಟೆ ಗಂಟೆಗೂ ಎರಡರಷ್ಟಾಗ್ತಾ ಬಂದಿದ್ದರಿಂದ, ಅವರ ಹತ್ತಿರ ಉಳಿದ ರಟ್ಟು ಮುಂದಿನ ಆಟಕ್ಕೆ ಕೂರೋಕೂ ಸಾಲದು. ಪಂದ್ಯ ಗೆದ್ದೆ!

ಹಾರ ತೆಗೆದು ಡಬ್ಬ ಎತ್ತಿದೆ. ಹಗುರ. ಬಿಚ್ಚಿ ನೋಡಿದ್ರೆ ಖಾಲಿ.

ಕಾರ್ಯದರ್ಶಿಗಳು ನೆಲ ನೋಡ್ತಾ ಹೇಳಿದರು, "ಒಲೆ ಮೇಲಿದೆ. ಹೇಗಿದ್ರೂ ನಾನೇ ಗೆಲ್ತೀನಿ ಅಂತ..."

ಎಲ್ಲರೂ ಅವರ ಮನೆಗೆ ಹೋದ್ವಿ. ಅವರ ಮನೆಯವರು ಅಡುಗೆಮನೆಯಿಂದಲೇ, "ಇನ್ನೂ ಎರಡು ಸೀಟಿ ಬಾಕಿ ಇದೆ, ಕೂತ್ಕೊಳ್ಳಿ" ಅಂದ್ರು. ಕೂತ್ವಿ. ಎರಡು ಸೀಟಿ ಆಯ್ತು. ಒಳಗಿಂದ ಮಟನ್ ಸಾರಿನ ಘಮ ಘಮ ವಾಸನೆ. ಅಷ್ಟರಲ್ಲಿ ನನ್ನ ಹೆಂಡತಿ ಎದ್ದು ನಮ್ಮ ಮನೆಗೆ ಹೋದಳು, ಬೇಯದ ನಮ್ಮ ಮಟನ್ ಪಾತ್ರೆ ತಂದು ಅವರ ಒಲೆ ಮೇಲಿಟ್ಟಳು, ಸೆರಗಲ್ಲಿ ಕುಕ್ಕರ್ ಹಿಡ್ಕೊಂಡಳು.

"ಅಮ್ಮಾ, ಒಳಗೆ ನಮ್ಮ ಸಾರಿದೆ!" ಅಂದ್ರು ಕಾರ್ಯದರ್ಶಿಗಳು.

"ಬಹುಮಾನ ಯಾರಾದ್ರೂ ಖಾಲಿ ಮಾಡಿ ಕೊಡ್ತಾರಾ ಸಾರ್?" ಅಂತ ಹೊರಟೇಬಿಟ್ಟಳು.

ಸಾರು ಬಹಳ ಚೆನ್ನಾಗಿತ್ತು. ಸಂಜೆ ಆರಕ್ಕೆ ನಮ್ಮ ಪಾತ್ರೆ ವಾಪಸ್ ತರೋಣ ಅಂತ ಹೋದೆ. ಕಾರ್ಯದರ್ಶಿಗಳು ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು, ಸೌಟಲ್ಲಿ ಒಂದು ಚೂರು ಎತ್ತಿ ಹಿಸುಕಿ ನೋಡ್ತಾ ಇದ್ದರು.

"ನಾಳೆ ಬನ್ನಿ" ಅಂದ್ರು.